ಆಘಾತ ಚಿಕಿತ್ಸೆ: ವೇಗ ಯಾರ ಕೈಯಲ್ಲಿ?

ಮನಸ್ಸಿಗೆ ಬಿದ್ದ ಪೆಟ್ಟನ್ನು ಮಾತಿನ ಮೂಲಕ ವಾಸಿಮಾಡುವ ಕಸುಬಿಗೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಇಂದು ಖಾಸಗಿ ಥೆರಪಿಸ್ಟ್ ಒಬ್ಬರ ಬಳಿ ಟ್ರಾಮಾ ಥೆರಪಿಗೆ ಹೊರಟವರು ಆ ಇತಿಹಾಸವನ್ನು ಸ್ವಲ್ಪವಾದರೂ ತಿಳಿದು ಹೋಗಬೇಕು. ಈ ಚಿಕಿತ್ಸೆ ಎಲ್ಲೆಲ್ಲಿ ಜನರನ್ನು ಮತ್ತಷ್ಟು ಘಾಸಿಗೊಳಿಸಿತೋ ಅಲ್ಲೆಲ್ಲ ಒಂದೇ ಲಕ್ಷಣ ಕಾಣುತ್ತದೆ: ನೆನಪನ್ನು ಯಾವಾಗ, ಎಷ್ಟು, ಯಾವ ವೇಗದಲ್ಲಿ ಕೆದಕಬೇಕೆಂಬ ತೀರ್ಮಾನ ಪೂರ್ತಿಯಾಗಿ ಚಿಕಿತ್ಸಕರ ಕೈ ಸೇರಿತ್ತು.

ಮೊದಲನೆಯ ಮಹಾಯುದ್ಧವನ್ನೇ ನೋಡಿ. ಕಂದಕಗಳಿಂದ ಸೈನಿಕರು ಮೂಕರಾಗಿ, ಕೈಕಾಲು ನಡುಗುತ್ತಾ ಮರಳತೊಡಗಿದಾಗ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಮೈಯರ್ಸ್ 1915ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ‘ಶೆಲ್ ಶಾಕ್’ ಕುರಿತು ಬರೆದರು. ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ವೈದ್ಯ ಲೂಯಿಸ್ ಯೀಲ್ಯಾಂಡ್, ಮಾತು ಕಳೆದುಕೊಂಡ 24 ವರ್ಷದ ಸಿಪಾಯಿಯೊಬ್ಬನನ್ನು ಕೋಣೆಯಲ್ಲಿ ಕೂಡಿಹಾಕಿ ಗಂಟಲಿಗೆ ವಿದ್ಯುತ್ ಹಾಯಿಸಿದರು. ಮಾತಾಡುವವರೆಗೆ ಹೊರಗೆ ಬಿಡುವುದಿಲ್ಲ ಎಂದರು. ಗಂಟೆಗಟ್ಟಲೆ ಹಿಂಸೆಯ ನಂತರ ಮಾತು ಬಂತು. 1918ರ ಪುಸ್ತಕದಲ್ಲಿ ಅವರು ಇದನ್ನು ಯಶಸ್ಸೆಂದೇ ದಾಖಲಿಸಿದರು. ಅದೇ ಕಾಲಕ್ಕೆ ಎಡಿನ್‌ಬರೊದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ವೈದ್ಯ ಡಬ್ಲ್ಯು.ಎಚ್.ಆರ್. ರಿವರ್ಸ್ ಬೇರೆ ದಾರಿ ಹಿಡಿದಿದ್ದರು. (ನಮ್ಮ ನೆರೆಯ ನೀಲಗಿರಿಯ ತೊದವರ ಬಗ್ಗೆ 1906ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ ಮಾನವಶಾಸ್ತ್ರಜ್ಞ ಇವರೇ.) ಭಯಾನಕ ನೆನಪನ್ನು ಅದುಮಿಡುವುದೂ ಸಲ್ಲದು, ಸದಾ ಅದರಲ್ಲೇ ಮುಳುಗಿರುವುದೂ ಸಲ್ಲದು ಎಂದು ಅವರು ರೋಗಿಗಳ ಜೊತೆ ಕೂತು ಮಾತಾಡುತ್ತಿದ್ದರು. ಆದರೆ ಅದು ಸೇನಾಧಿಕಾರಿಗಳ ಆಸ್ಪತ್ರೆ. ಸಾಮಾನ್ಯ ಸಿಪಾಯಿಗೆ ಇಂಥ ಸಾವಧಾನದ ಮಾತುಕತೆ ಸಿಗುವುದು ಅಪರೂಪವಾಗಿತ್ತು.

ಬಲವಂತ ಯಾವಾಗಲೂ ಕ್ರೂರ ಮುಖ ಹೊತ್ತೇ ಬರುವುದಿಲ್ಲ. 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ದುರಂತ ಕಂಡ ತುರ್ತುಸೇವೆಯ ಸಿಬ್ಬಂದಿಗಾಗಿ ‘ಡಿಬ್ರೀಫಿಂಗ್’ ಎಂಬ ಪದ್ಧತಿ ರೂಪಿಸಿದರು. ಘಟನೆ ನಡೆದ ಕೆಲವೇ ದಿನಗಳಲ್ಲಿ ಕೂರಿಸಿ ಎಲ್ಲವನ್ನೂ ಹೇಳಿಸುವುದು ಅದರ ತಿರುಳು. ಅದು ಬಹುಬೇಗ ಎಲ್ಲ ಬಗೆಯ ಸಂತ್ರಸ್ತರಿಗೂ ಹಬ್ಬಿತು. 1997ರಲ್ಲಿ ಬ್ರಿಟನ್ನಿನಲ್ಲಿ ಸುಟ್ಟಗಾಯದ ರೋಗಿಗಳ ಅಧ್ಯಯನ ಪ್ರಕಟವಾದಾಗ ಕಂಡದ್ದೇನು? ಹದಿಮೂರು ತಿಂಗಳ ನಂತರ ಡಿಬ್ರೀಫಿಂಗ್ ಪಡೆದವರಲ್ಲಿ ಶೇ 26 ಮಂದಿಗೆ ಪಿಟಿಎಸ್‌ಡಿ (ಆಘಾತದ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆ) ಇತ್ತು, ಪಡೆಯದವರಲ್ಲಿ ಶೇ 9 ಮಂದಿಗೆ. ಮೊದಲ ಗುಂಪಿನವರ ಗಾಯಗಳು ಶುರುವಿನಲ್ಲೇ ಹೆಚ್ಚು ತೀವ್ರವಾಗಿದ್ದವು ಎಂಬುದನ್ನೂ ಹೇಳಬೇಕು. ಆದರೂ 2005ರ ಹೊತ್ತಿಗೆ ಬ್ರಿಟನ್ನಿನ ಅಧಿಕೃತ ಮಾರ್ಗಸೂಚಿ ಈ ಒಂದೇ ಬಾರಿಯ ಡಿಬ್ರೀಫಿಂಗನ್ನು ರೂಢಿಯಾಗಿ ಮಾಡಬೇಡಿ ಎಂದಿತು. ಅಮೆರಿಕದಲ್ಲಿ ಕೆಲವು ಥೆರಪಿಸ್ಟರು ಇನ್ನೂ ಮುಂದೆ ಹೋಗಿ, ರೋಗಿಗೆ ನೆನಪೇ ಇಲ್ಲದ ಬಾಲ್ಯದ ದೌರ್ಜನ್ಯವನ್ನು ಸಂಮೋಹನದಿಂದಲೂ ಮದ್ದಿನಿಂದಲೂ ‘ಹೊರತೆಗೆಯಲು’ ಹೋದರು. 1994ರಲ್ಲಿ ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಜ್ಯೂರಿಯು ಹೀಗೆ ‘ಹೊರತೆಗೆದ’ ನೆನಪಿನಿಂದ ಆರೋಪ ಹೊತ್ತ ತಂದೆಯೊಬ್ಬರಿಗೆ ಥೆರಪಿಸ್ಟರ ಕಡೆಯಿಂದ ಐದು ಲಕ್ಷ ಡಾಲರ್ ಪರಿಹಾರ ಕೊಡಿಸಿತು. ದೌರ್ಜನ್ಯ ಅನುಭವಿಸಿದ್ದು ನಿಜವಾದ ಅಸಂಖ್ಯ ಮಂದಿಯ ಮಾತನ್ನೂ ಜನ ಅನುಮಾನಿಸುವಂತಾದದ್ದು ಈ ‘ಹೊರತೆಗೆಯುವ’ ಕೆಲಸದ ಅತಿ ದೊಡ್ಡ ನಷ್ಟ.

ಹಾಗಾದರೆ ವೇಗ ರೋಗಿಯ ಕೈಯಲ್ಲೇ ಇರಬೇಕು ಎಂಬ ಮಾತಿಗೆ ಬಲವಾದ ಆಕ್ಷೇಪವೊಂದಿದೆ. ನೋವಿನಿಂದ ತಪ್ಪಿಸಿಕೊಳ್ಳುವುದೇ ಈ ಕಾಯಿಲೆಯ ಜೀವಾಳ. ವೇಗವನ್ನು ರೋಗಿಗೇ ಬಿಟ್ಟರೆ ಆಕೆ ನೆನಪಿನ ಹತ್ತಿರವೇ ಸುಳಿಯುವುದಿಲ್ಲವಲ್ಲ? ಈ ಮಾತಿನಲ್ಲಿ ಹುರುಳಿದೆ. ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ರೂಪಿಸಿದ ‘ಪ್ರೊಲಾಂಗ್ಡ್ ಎಕ್ಸ್‌ಪೋಷರ್’ ಸಾಮಾನ್ಯವಾಗಿ 8ರಿಂದ 15 ಭೇಟಿಗಳಲ್ಲಿ ನೆನಪನ್ನು ನೇರವಾಗಿ ಎದುರಿಸುವಂತೆ ಮಾಡುತ್ತದೆ, ಅದರಿಂದ ಬಹಳ ಜನಕ್ಕೆ ಗುಣವೂ ಕಂಡಿದೆ. ಮೊದಲು ಭದ್ರತೆ, ಆಮೇಲೆ ನೆನಪು ಎಂದು 1992ರಲ್ಲಿ ಮನೋವೈದ್ಯೆ ಜುಡಿತ್ ಹರ್ಮನ್ ಹೇಳಿದ ಕ್ರಮವನ್ನು ಪ್ರತಿಯೊಬ್ಬರಿಗೂ ತಿಂಗಳುಗಟ್ಟಲೆ ಎಳೆಯಬೇಕೇ ಎಂದು ಪ್ರಶ್ನಿಸುವ ಸಂಶೋಧಕರೂ ಇದ್ದಾರೆ. ಆದರೆ ಫೋವಾ ಪದ್ಧತಿಯ ಆರಂಭವೇ ವಿವರಣೆ: ಯಾವ ಕೆಲಸ ಏಕೆ ಮಾಡುತ್ತೇವೆ, ನಡುವೆ ಏನಾಗಬಹುದು ಎಂದು ಮೊದಲು ತಿಳಿಸುತ್ತಾರೆ. ಕಷ್ಟದ ಹಾದಿಯನ್ನು ಗೊತ್ತಿದ್ದು ಒಪ್ಪಿ ತುಳಿಯುವುದಕ್ಕೂ ಅದರೊಳಕ್ಕೆ ತಳ್ಳಿಸಿಕೊಳ್ಳುವುದಕ್ಕೂ ಅಜಗಜಾಂತರ.

ಹಾಗೆ ಗೊತ್ತಿದ್ದು ಒಪ್ಪಬೇಕಾದರೆ ಥೆರಪಿಸ್ಟರ ತರಬೇತಿಯನ್ನು ಮೊದಲು ವಿಚಾರಿಸಬೇಕು. ನಮ್ಮಲ್ಲಿ ಬೆಂಗಳೂರಿನ ಇಂದಿನ ನಿಮ್ಹಾನ್ಸ್ ಐವತ್ತರ ದಶಕದಿಂದಲೇ ಕ್ಲಿನಿಕಲ್ ಸೈಕಾಲಜಿಸ್ಟರನ್ನು ತಯಾರು ಮಾಡಿದೆ. ಅವರ ನೋಂದಣಿ 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಆಗುತ್ತದೆ. ಆ ನೋಂದಣಿ ಸಂಖ್ಯೆ ಕೇಳುವುದು ಅವಮಾನವಲ್ಲ. ‘ಕೌನ್ಸೆಲರ್’ ಎಂದು ಫಲಕ ಹಾಕಿಕೊಂಡವರಿಗೆ ಅಂಥ ಕಡ್ಡಾಯ ಬಹುಕಾಲ ಇರಲಿಲ್ಲ, ಆದ್ದರಿಂದ ಅವರು ಎಲ್ಲಿ, ಎಷ್ಟು ಕಾಲ, ಯಾರ ಮೇಲ್ವಿಚಾರಣೆಯಲ್ಲಿ ಕಲಿತರೆಂದು ವಿಚಾರಿಸಲೇಬೇಕು. ಗೋಪ್ಯತೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು, ಆದರೆ ಅದಕ್ಕೆ ಎಲ್ಲೆಯುಂಟು: ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೋಕ್ಸೋ ಕಾಯ್ದೆಯ ಪ್ರಕಾರ ವರದಿ ಮಾಡುವುದು ಕಡ್ಡಾಯ. ಈ ಎಲ್ಲೆ ಯಾವುದೆಂಬುದು ಮೊದಲ ಭೇಟಿಯಲ್ಲೇ ಇತ್ಯರ್ಥವಾಗಲಿ. ಯಾವ ಪದ್ಧತಿ, ಎಷ್ಟು ಭೇಟಿ, ಎರಡು ಭೇಟಿಗಳ ನಡುವೆ ನಿದ್ದೆ ಕೆಟ್ಟು ಜೀವ ಬೇಡವೆನಿಸಿದರೆ ಯಾರಿಗೆ ಕರೆ ಮಾಡಬೇಕು, ಇವತ್ತು ಸಾಕು ಎಂದರೆ ನಿಲ್ಲಿಸುತ್ತೀರಾ ಎಂದೂ ಕೇಳಿ. (ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416.) ಮರೆತುಹೋದ ನೆನಪನ್ನು ಹೊರತೆಗೆದು ತೋರಿಸುತ್ತೇನೆಂದು ಭರವಸೆ ಕೊಡುವವರಿಂದ ದೂರವಿರಿ. ಈ ಪ್ರಶ್ನೆಗಳಿಗೆ ನೇರ ಉತ್ತರ ಸಿಗುವ ತನಕ ನಿಮ್ಮ ಕಥೆ ಹೇಳಲು ಶುರುಮಾಡಬೇಡಿ.