ಕರ್ನಾಟಕದಲ್ಲಿ ವಿದ್ಯುನ್ಮಾನ ಮತಯಂತ್ರ

ಮತಪತ್ರದ ಮೇಲೆ ಮೊಹರು ಒತ್ತುವ ಬದಲು ಗುಂಡಿ ಒತ್ತಿ ಮತ ದಾಖಲಿಸುವ, ದಾಖಲಾದದ್ದನ್ನು ತಾನೇ ಕೂಡಿ ಹೇಳುವ ಉಪಕರಣವೇ ವಿದ್ಯುನ್ಮಾನ ಮತಯಂತ್ರ. ಜನರ ಬಾಯಲ್ಲಿ ಇದು ಇವಿಎಂ, ಇಲ್ಲವೇ ಬರೀ ಮಿಷನ್ನು. ಮತದಾರ ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್ ರಟ್ಟಿನ ಮರೆಯ ಹಿಂದೆ ಇರುತ್ತದೆ. ಮತಗಳನ್ನು ನೆನಪಿಟ್ಟುಕೊಳ್ಳುವ ಕಂಟ್ರೋಲ್ ಯೂನಿಟ್ ಮತಗಟ್ಟೆ ಸಿಬ್ಬಂದಿಯ ಮೇಜಿನ ಮೇಲಿರುತ್ತದೆ. ಇವೆರಡಕ್ಕೂ ಈಚಿನ ವರ್ಷಗಳಲ್ಲಿ ಸೇರಿದ ಮೂರನೆಯದು ವಿವಿಪ್ಯಾಟ್. ಬಿದ್ದ ಮತವನ್ನು ಅದು ಚೀಟಿಯಲ್ಲಿ ಅಚ್ಚು ಹಾಕಿ 7 ಸೆಕೆಂಡು ಗಾಜಿನ ಹಿಂದೆ ತೋರಿಸಿ ಒಳಗೆ ಬೀಳಿಸುತ್ತದೆ. ಯಂತ್ರ ಓಡುವುದು ಬ್ಯಾಟರಿಯಿಂದ. ಹಾಗಾಗಿ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂಥ ಊರಿನ ಮತಗಟ್ಟೆಯಲ್ಲಿ ಕರೆಂಟು ಹೋದರೂ ಮತದಾನ ನಿಲ್ಲುವುದಿಲ್ಲ.

ಯಂತ್ರಕ್ಕೆ ಮುಂಚಿನ ಕಾಲವನ್ನು ಚಿಕ್ಕದಾಗಿ ಹೇಳಬಹುದು. 1951–52ರ ಮೊದಲ ಮಹಾಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ. ತನಗೆ ಬೇಕಾದವರ ಚಿಹ್ನೆ ಅಂಟಿಸಿದ ಪೆಟ್ಟಿಗೆಗೆ ಮತದಾರ ಚೀಟಿ ಹಾಕಬೇಕಿತ್ತು. ಅದಕ್ಕಾಗಿ ದೇಶದಾದ್ಯಂತ ಸುಮಾರು 20 ಲಕ್ಷ ಉಕ್ಕಿನ ಪೆಟ್ಟಿಗೆಗಳು ಬೇಕಾದವು. ಎಲ್ಲ ಹೆಸರುಗಳೂ ಒಂದೇ ಹಾಳೆಯಲ್ಲಿದ್ದು ಮೊಹರು ಒತ್ತುವ ಪದ್ಧತಿ ದೇಶವ್ಯಾಪಿಯಾದದ್ದು 1962ರಲ್ಲಿ. ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯ ಬಗ್ಗೆ ಒಂದು ಗೊಂದಲ ಬಹಳ ಕಡೆ ಕಾಣುತ್ತದೆ. ಶಾಯಿಯೇ 1962ರಲ್ಲಿ ಬಂತೆಂದು ಬರೆಯುವುದುಂಟು. ಶಾಯಿ ಮೊದಲ ಚುನಾವಣೆಯಿಂದಲೂ ಇತ್ತು. 1962ರಲ್ಲಿ ಆರಂಭವಾದದ್ದು ಮೈಸೂರಿನ ಪೂರೈಕೆ. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಸ್ಥಾಪಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆ, ಅಂದರೆ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ, ಅಂದಿನಿಂದ ಈ ಶಾಯಿಯನ್ನು ತಯಾರಿಸುತ್ತ ಬಂದಿದೆ. ಯಂತ್ರ ಬಂದ ಮೇಲೂ ಶಾಯಿಯ ಕೆಲಸ ಕಡಿಮೆಯಾಗಲಿಲ್ಲ. 2006ರಿಂದ ಎಡಗೈ ತೋರುಬೆರಳಿನ ಚುಕ್ಕೆ ಹೋಗಿ ಉಗುರಿನಿಂದ ಕೆಳಕ್ಕೆ ಎಳೆದ ಗೆರೆ ಬಂದಿತು.

ಯಂತ್ರವನ್ನು ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಇಲ್ಲ. ಚುನಾವಣಾ ಆಯೋಗದಲ್ಲಿ ಈ ವಿಚಾರ ಹುಟ್ಟಿದ್ದು 1977ರಲ್ಲಿ, ಎಸ್.ಎಲ್. ಶಕ್ಧರ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ. ಹೈದರಾಬಾದಿನ ಇಸಿಐಎಲ್ 1979ರಲ್ಲಿ ಮಾದರಿಯೊಂದನ್ನು ತಯಾರಿಸಿತು. 1980ರ ಆಗಸ್ಟ್ 6ರಂದು ಆಯೋಗ ಅದನ್ನು ರಾಜಕೀಯ ಪಕ್ಷಗಳಿಗೆ ತೋರಿಸಿತು. ಅದೇ ವರ್ಷ ಎಂ.ಬಿ. ಹನೀಫಾ ಅವರು ತಮಿಳುನಾಡಿನಲ್ಲಿ ತಮ್ಮದೇ ಯಂತ್ರವನ್ನು ರೂಪಿಸಿದರು. ಇನ್ನೊಂದು ಎಳೆ ಬೆಂಗಳೂರಿನ ಜಾಲಹಳ್ಳಿಯದು. ಅಲ್ಲಿನ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, ತನ್ನ ಕಾರ್ಮಿಕ ಸಂಘಗಳ ಚುನಾವಣೆಗೆ ಮೈಕ್ರೋಕಂಪ್ಯೂಟರ್ ಆಧಾರಿತ ಮತ ಉಪಕರಣವನ್ನು ಬಳಸಿತ್ತು. ಅದನ್ನು ಹಿಡಿದುಕೊಂಡೇ ಸಂಸ್ಥೆ 1981ರ ಜನವರಿಯಲ್ಲಿ ಆಯೋಗದ ಬಾಗಿಲು ತಟ್ಟಿತು. ಆ ಕೆಲಸದಲ್ಲಿ ಪಾಲಿದ್ದ ಎಂಜಿನಿಯರ್ ಎಸ್. ರಂಗರಾಜನ್, ‘ಸುಜಾತಾ’ ಎಂಬ ಹೆಸರಿನಲ್ಲಿ ತಮಿಳು ಓದುಗರಿಗೆ ಪ್ರಿಯರಾಗಿದ್ದ ಲೇಖಕರು. ಇಂದಿಗೂ ದೇಶದ ಮತಯಂತ್ರಗಳನ್ನು ತಯಾರಿಸುವುದು ಇಸಿಐಎಲ್ ಮತ್ತು ಬಿಇಎಲ್ ಎಂಬ ಈ ಎರಡು ಸರ್ಕಾರಿ ಸಂಸ್ಥೆಗಳೇ. ಕಾರ್ಮಿಕರ ಸಂಘದ ಚುನಾವಣೆಯಲ್ಲಿ ಒರೆಗೆ ಹಚ್ಚಿದ ಉಪಕರಣ ದೇಶದ ಚುನಾವಣೆಯ ತನಕ ಬೆಳೆದ ಸಂಗತಿಗೆ ಕನ್ನಡದ ಬರಹಗಳಲ್ಲಿ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಕರ್ನಾಟಕದಲ್ಲಿ ಮತಯಂತ್ರ 1999ರಲ್ಲಿ, ಇಲ್ಲವೇ 2004ರಲ್ಲಿ ಬಂತೆಂಬ ನಂಬಿಕೆ ವ್ಯಾಪಕ. ಅದು ಸರಿಯಲ್ಲ. ದೇಶದ ಮೊದಲ ಪ್ರಯೋಗ ನಡೆದದ್ದು 1982ರ ಮೇ 19ರಂದು ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 84 ಮತಗಟ್ಟೆಗಳ ಪೈಕಿ 50ರಲ್ಲಿ. ಆ ಬೆನ್ನಿಗೇ ಬೇರೆ ಬೇರೆ ರಾಜ್ಯಗಳ ಇನ್ನೂ 10 ಕ್ಷೇತ್ರಗಳಲ್ಲಿ ಯಂತ್ರ ಬಳಕೆಯಾಯಿತು. ಬೆಂಗಳೂರಿನ ಶಾಂತಿನಗರ ಅವುಗಳಲ್ಲೊಂದು. 1983ರ ಜನವರಿ 5ರಂದು, ಕರ್ನಾಟಕದಲ್ಲಿ ಕಾಂಗ್ರೆಸ್ಸೇತರ ಸರ್ಕಾರ ಮೊದಲ ಸಲ ಅಧಿಕಾರಕ್ಕೆ ಬರಲು ಕಾರಣವಾದ ಅದೇ ವಿಧಾನಸಭಾ ಚುನಾವಣೆಯಲ್ಲಿ, ಶಾಂತಿನಗರದ ಮತದಾರರು ಗುಂಡಿ ಒತ್ತಿದರು. ರಾಮಕೃಷ್ಣ ಹೆಗಡೆಯವರ ಪಟ್ಟಾಭಿಷೇಕದ ಗದ್ದಲದಲ್ಲಿ ಈ ಪ್ರಯೋಗ ಮರೆಗೆ ಸರಿಯಿತು.

ಮರೆಯಾಗಲು ಇನ್ನೊಂದು ಕಾರಣ ಪರವೂರಿನ ವ್ಯಾಜ್ಯ. ಅಲ್ಲಿ ಶಿವನ್ ಪಿಳ್ಳೈ 123 ಮತಗಳಿಂದ ಗೆದ್ದಿದ್ದರು. ಸೋತ ಎ.ಸಿ. ಜೋಸ್ ಸುಪ್ರೀಂ ಕೋರ್ಟಿನವರೆಗೂ ಹೋದರು. ಕಾನೂನು ಹೇಳುವ ‘ಮತಪತ್ರ’ಕ್ಕೆ ಯಂತ್ರ ಸಾಟಿಯಾಗದು, ಕಾನೂನು ಬದಲಾಗದೆ ಆಯೋಗ ಬರೀ ಆದೇಶದಿಂದ ಇದನ್ನು ತರಲಾಗದು ಎಂದು ನ್ಯಾಯಾಲಯ 1984ರ ಮಾರ್ಚ್ 5ರಂದು ತೀರ್ಪಿತ್ತಿತು. ಐವತ್ತೂ ಮತಗಟ್ಟೆಗಳಲ್ಲಿ ಮತ್ತೆ ಕಾಗದದ ಮೇಲೆ ಮತದಾನವಾಯಿತು. ಈ ಸಲ ಜೋಸ್ ಗೆದ್ದರು. ಯಂತ್ರ ಕೆಟ್ಟಿದೆಯೆಂದು ಕೋರ್ಟು ಹೇಳಿರಲಿಲ್ಲ, ಯಂತ್ರಕ್ಕೆ ಕಾನೂನಿನ ಆಸರೆ ಇಲ್ಲವೆಂದಷ್ಟೇ ಹೇಳಿತ್ತು. ಈ ವ್ಯತ್ಯಾಸವನ್ನು ಮರೆತು ಬರೆದ ವಿವರಗಳು ಬಹಳ.

1988ರ ಡಿಸೆಂಬರಿನಲ್ಲಿ ಪ್ರಜಾಪ್ರತಿನಿಧಿ ಕಾಯ್ದೆಗೆ 61ಎ ಕಲಮು ಸೇರಿತು. 1989ರ ಮಾರ್ಚ್ 15ರಿಂದ ಜಾರಿಯಾಯಿತು. ಯಂತ್ರಗಳೂ ತಯಾರಾದವು. ಆದರೆ ಪಕ್ಷಗಳ ಅನುಮಾನ ಅವುಗಳನ್ನು ಗೋದಾಮಿನಲ್ಲೇ ಕೂರಿಸಿತು. ಆ ನಡುವೆ ಕಾಗದದ ಪದ್ಧತಿಯೂ ತನ್ನ ಮಿತಿ ಮುಟ್ಟಿತು. 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರವೊಂದರಲ್ಲೇ 456 ಅಭ್ಯರ್ಥಿಗಳಿದ್ದರು. ಮತಪತ್ರ ಹೋಗಿ ಮತಪುಸ್ತಕವಾಯಿತು. ಆ ಕಾಲದ ಯಂತ್ರಕ್ಕೂ ಅದು ಆಗುವ ಮಾತಾಗಿರಲಿಲ್ಲ: ಒಂದು ಬ್ಯಾಲೆಟ್ ಯೂನಿಟ್ಟಿಗೆ 16 ಹೆಸರು, ನಾಲ್ಕು ಜೋಡಿಸಿದರೆ 64, ಅಲ್ಲಿಗೆ ಮುಗಿಯಿತು. 1998ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಗಳ 16 ವಿಧಾನಸಭಾ ಕ್ಷೇತ್ರಗಳಲ್ಲಿ ಯಂತ್ರ ಮರಳಿ ಬಂದಿತು. 1999ರಲ್ಲಿ ಅದು ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರಕ್ಕೂ ಬಂದಿತು. ಅಲ್ಲಿ ಸೋತ ಮೈಕೆಲ್ ಫರ್ನಾಂಡಿಸ್ ಅವರು ಗೆದ್ದ ಸಿ.ಕೆ. ಜಾಫರ್ ಷರೀಫ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಕರ್ನಾಟಕ ಹೈಕೋರ್ಟ್ 2004ರಲ್ಲಿ ಯಂತ್ರದ ಪರವಾಗಿ ತೀರ್ಪು ನೀಡಿ, ಅದನ್ನು ದೇಶ ಹೆಮ್ಮೆಪಡುವಂಥ ಸಾಧನೆಯೆಂದು ಕರೆಯಿತು.

ಅದೇ 2004ರಲ್ಲಿ ಲೋಕಸಭೆಯ ಎಲ್ಲ 543 ಕ್ಷೇತ್ರಗಳೂ ಯಂತ್ರಕ್ಕೆ ಬದಲಾದವು. ಕರ್ನಾಟಕ ವಿಧಾನಸಭೆಗೂ ಅದರ ಜೊತೆಗೇ ಮತದಾನ. ಮೊದಲ ಪೂರ್ಣ ಪರೀಕ್ಷೆಯಲ್ಲೇ, ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ, ಆರ್. ಧ್ರುವನಾರಾಯಣ 40,752 ಮತ ಪಡೆದು ಎ.ಆರ್. ಕೃಷ್ಣಮೂರ್ತಿ ಅವರನ್ನು ಸೋಲಿಸಿದರು. ಕೃಷ್ಣಮೂರ್ತಿಯವರಿಗೆ ಬಂದದ್ದು 40,751. ಒಂದು ಮತದ ಈ ಅಂತರವನ್ನು ಸೋಜಿಗವಾಗಿ ನೆನೆಯುವವರೇ ಹೆಚ್ಚು. ಅದು ಎಣಿಕೆಯ ಸ್ವರೂಪದ ಬಗ್ಗೆ ಹೇಳುವುದನ್ನು ಗಮನಿಸಿದವರು ಕಡಿಮೆ. ಕಾಗದದ ಕಾಲದಲ್ಲಿ ಇಂಥ ಅಂತರ ಬಂದರೆ, ಗೆರೆಯ ಮೇಲೆ ಬಿದ್ದ ಮೊಹರು, ಎರಡು ಕಡೆ ಹತ್ತಿದ ಮಸಿ, ತಿರಸ್ಕೃತ ಮತಗಳ ಕಟ್ಟು ಎಲ್ಲವೂ ಮತ್ತೆ ಮೇಜಿಗೆ ಬರುತ್ತಿದ್ದವು. ಯಂತ್ರದಲ್ಲಿ ಕುಲಗೆಟ್ಟ ಮತವೆಂಬುದೇ ಇಲ್ಲ. ಎಷ್ಟು ಸಲ ಗುಂಡಿ ಒತ್ತಿ ಕೇಳಿದರೂ ಅದು ಅದೇ ಅಂಕಿ ಹೇಳುತ್ತದೆ. ಅದರಿಂದ ಜಗಳ ಕಡಿಮೆಯಾಯಿತು. ಆದರೆ ಮರುಎಣಿಕೆಯಲ್ಲಿ ಕಣ್ಣಾರೆ ಕಾಣಲು ಏನೂ ಉಳಿಯದಾಯಿತು. ಮುಂದಿನ ಇಪ್ಪತ್ತು ವರ್ಷಗಳ ವಿವಾದದ ಬೇರು ಇಲ್ಲಿದೆ.

ಈ ಯಂತ್ರ ಹಳ್ಳಿ ತಲುಪುವ ಬಗೆಯನ್ನು ಪೂರಿಗಾಲಿಯ ದಾರಿಯಲ್ಲಿ ನೋಡಬಹುದು. ಊರು ಸೇರುವುದು ಮಳವಳ್ಳಿ ಮೀಸಲು ವಿಧಾನಸಭಾ ಕ್ಷೇತ್ರಕ್ಕೆ, ಅದರ ಮೂಲಕ ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ. ಚುನಾವಣೆಗೆ ಮುನ್ನ ತಯಾರಕರ ಎಂಜಿನಿಯರುಗಳು ಪಕ್ಷದವರ ಎದುರಿನಲ್ಲಿ ಯಂತ್ರಗಳನ್ನು ಪರೀಕ್ಷಿಸುತ್ತಾರೆ. ಯಾವ ಯಂತ್ರ ಯಾವ ಕ್ಷೇತ್ರಕ್ಕೆ, ಆಮೇಲೆ ಯಾವ ಮತಗಟ್ಟೆಗೆ ಎಂಬುದನ್ನು ಕಂಪ್ಯೂಟರು ಎರಡು ಸುತ್ತಿನಲ್ಲಿ ಚೀಟಿ ಎತ್ತಿದಂತೆ ಹಂಚುತ್ತದೆ. ಮತದಾನದ ಹಿಂದಿನ ದಿನ ತಾಲ್ಲೂಕು ಕೇಂದ್ರದಲ್ಲಿ ಮಸ್ಟರಿಂಗ್. ಶಾಮಿಯಾನದ ಕೆಳಗೆ ಸಿಬ್ಬಂದಿ ಪಟ್ಟಿ ಹಿಡಿದು ಒಂದೊಂದೇ ಸಾಮಾನು ತಾಳೆ ನೋಡುತ್ತಾರೆ: ಯಂತ್ರದ ಪೆಟ್ಟಿಗೆಗಳು, ಶಾಯಿಯ ಸೀಸೆ, ಅರಗು, ಹಸಿರು ಕಾಗದದ ಸೀಲು, ಮತ ಹಾಕಲು ಬಂದವರನ್ನು ಬರೆಯುವ 17ಎ ವಹಿ, ಮತಗಳ ಲೆಕ್ಕದ 17ಸಿ ನಮೂನೆ, ಲೆಕ್ಕವಿಲ್ಲದಷ್ಟು ಲಕೋಟೆ. ಪ್ರಿಸೈಡಿಂಗ್ ಆಫೀಸರ್ ಮತ್ತು ಅವರ ಜೊತೆಯವರು ಗೊತ್ತುಮಾಡಿದ ಬಸ್ಸು ಹತ್ತಿ ಊರಿಗೆ ಬಂದು, ಶಾಲೆಯ ಕೊಠಡಿಯಲ್ಲಿ ಯಂತ್ರದ ಪಕ್ಕದಲ್ಲೇ ರಾತ್ರಿ ಕಳೆಯುತ್ತಾರೆ.

ಬೆಳಗ್ಗೆ ಅಣಕು ಮತದಾನ. ಏಜೆಂಟರ ಮುಂದೆ ಕನಿಷ್ಠ 50 ಮತ ಹಾಕಿ, ಎಣಿಸಿ, ಚೀಟಿಗಳೊಂದಿಗೆ ತಾಳೆ ನೋಡಿ, ಯಂತ್ರವನ್ನು ಸೊನ್ನೆಗೆ ತರುತ್ತಾರೆ. ಆ ಚೀಟಿಗಳ ಬೆನ್ನಿಗೆ ಮುದ್ರೆ ಹಾಕಿ ಕಪ್ಪು ಲಕೋಟೆಯಲ್ಲಿ ಮುಚ್ಚಿ ಸೀಲು ಮಾಡಬೇಕು. ವಿವಿಪ್ಯಾಟಿನ ಹಿಂಬದಿಯಲ್ಲಿ ಒಂದು ತಿರುಗುಣಿ ಇದೆ. ಸಾಗಿಸುವಾಗ ಅಡ್ಡ, ಕೆಲಸ ಮಾಡುವಾಗ ನೆಟ್ಟಗೆ. ಇಷ್ಟು ಚಿಕ್ಕದನ್ನು ಮರೆತರೂ ಮತಗಟ್ಟೆಯ ಮುಂದೆ ಸಾಲು ನಿಂತಲ್ಲೇ ನಿಲ್ಲುತ್ತದೆ. ಸಂಜೆ ‘ಕ್ಲೋಸ್’ ಗುಂಡಿ ಒತ್ತಿ, ಬಿದ್ದ ಮತಗಳ ಮೊತ್ತವನ್ನು 17ಸಿಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡುವುದು ಯಂತ್ರದ ಮೇಲಿನ ನಂಬಿಕೆಗೆ ಯಂತ್ರಕ್ಕಿಂತ ಹೆಚ್ಚು ಆಧಾರ. ಎಣಿಕೆಯ ದಿನ ಆ ಹಾಳೆಯ ಅಂಕಿಗೂ ಯಂತ್ರದ ಅಂಕಿಗೂ ತಾಳೆಯಾಗಲೇಬೇಕು.

ಯಂತ್ರ ಬದಲಾಗುತ್ತ ಬಂದ ಬಗೆಯನ್ನು ಮಂಡ್ಯದಷ್ಟು ಹತ್ತಿರದಿಂದ ಕಂಡ ಕ್ಷೇತ್ರಗಳು ವಿರಳ. ಎರಡು ಉಪಚುನಾವಣೆಗಳಿಂದಾಗಿ ಆರು ವರ್ಷದೊಳಗೆ ಇಲ್ಲಿ ನಾಲ್ಕು ಸಲ ಲೋಕಸಭೆಗೆ ಮತದಾನವಾಯಿತು. 2013ರ ಆಗಸ್ಟಿನ ಉಪಚುನಾವಣೆಯಲ್ಲಿ ರಮ್ಯಾ ಗೆದ್ದಾಗ ಯಂತ್ರದಲ್ಲಿ ಹೆಸರು ಮತ್ತು ಚಿಹ್ನೆ ಮಾತ್ರ ಇದ್ದವು. ಯಾರಿಗೂ ಮತ ಹಾಕದವರು ಅದನ್ನು ವಹಿಯಲ್ಲಿ ಬರೆಸಬೇಕಿತ್ತು. 2014ರ ಏಪ್ರಿಲ್ 17ರ ಹೊತ್ತಿಗೆ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಕೊನೆಯ ಗುಂಡಿ ನೋಟಾ ಆಗಿತ್ತು. ರಾಜ್ಯದಲ್ಲಿ ಅದೇ ದಿನ ಚೀಟಿಯನ್ನೂ ಕಂಡವರು ಬೆಂಗಳೂರು ದಕ್ಷಿಣದವರು ಮಾತ್ರ. ವಿವಿಪ್ಯಾಟ್ ಪರೀಕ್ಷೆಗೆ ದೇಶದಲ್ಲಿ ಆರಿಸಿದ್ದ 8 ಕ್ಷೇತ್ರಗಳಲ್ಲಿ ಅದೂ ಒಂದು. 2015ರಲ್ಲಿ ಅಭ್ಯರ್ಥಿಗಳ ಭಾವಚಿತ್ರ ಬಂದಿತು. 2018ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ವಿವಿಪ್ಯಾಟ್ ಇಡೀ ರಾಜ್ಯಕ್ಕೆ ಹರಡಿತು. ನವೆಂಬರ್ 3ರ ಮಂಡ್ಯ ಉಪಚುನಾವಣೆಯಲ್ಲೂ ಅದಿತ್ತು.

ಭಾವಚಿತ್ರದ ಬೆಲೆ ಗೊತ್ತಾದದ್ದು 2019ರ ಏಪ್ರಿಲ್ 18ರಂದು. ಮಂಡ್ಯ ಲೋಕಸಭಾ ಕ್ಷೇತ್ರದ ಕಣದಲ್ಲಿ 22 ಮಂದಿ. ನೋಟಾ ಸೇರಿ 23 ಗುಂಡಿ ಬೇಕಾದ್ದರಿಂದ ಎರಡು ಬ್ಯಾಲೆಟ್ ಯೂನಿಟ್ಟುಗಳನ್ನು ಅಕ್ಕಪಕ್ಕ ಇಡಲಾಯಿತು. ಮಾನ್ಯತೆ ಪಡೆದ ಪಕ್ಷಗಳ ಹೆಸರು ಮೊದಲು, ಪಕ್ಷೇತರರದು ಕೊನೆಗೆ, ಪ್ರತಿ ಗುಂಪಿನೊಳಗೆ ಅಕ್ಷರಕ್ರಮ. ಹೀಗಾಗಿ ಜೆಡಿಎಸ್ಸಿನ ನಿಖಿಲ್ ಕುಮಾರಸ್ವಾಮಿ ಮೊದಲ ಯೂನಿಟ್ಟಿನಲ್ಲಿದ್ದರು; ಪಕ್ಷೇತರ ಸುಮಲತಾ ಅಂಬರೀಶ್ 20ನೇ ಕ್ರಮಾಂಕದಲ್ಲಿ, ಅಂದರೆ ಎರಡನೆಯ ಯೂನಿಟ್ಟಿನ ನಾಲ್ಕನೇ ಗುಂಡಿಯಲ್ಲಿ. ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರು. ಹಳ್ಳಿಯ ವಯಸ್ಸಾದ ಮತದಾರರು ಮೊದಲ ಯೂನಿಟ್ಟನ್ನು ದಾಟಿ, ಒಂದೇ ಹೆಸರಿನ ಸಾಲುಗಳ ನಡುವೆ ಮುಖವನ್ನೂ ಕಹಳೆ ಊದುವ ರೈತನ ಚಿಹ್ನೆಯನ್ನೂ ಹುಡುಕಬೇಕಿತ್ತು. ಅಷ್ಟಾದರೂ ಸುಮಲತಾ ಅಂಬರೀಶ್ 1,25,876 ಮತಗಳಿಂದ ಗೆದ್ದರು. ಮತದಾನ ಶೇ 80 ದಾಟಿತ್ತು. ಅದೇ ತಿಂಗಳು 8ರಂದು ಸುಪ್ರೀಂ ಕೋರ್ಟ್ ಪ್ರತಿ ವಿಧಾನಸಭಾ ಕ್ಷೇತ್ರದ 5 ಮತಗಟ್ಟೆಗಳ ಚೀಟಿ ಎಣಿಸಬೇಕೆಂದು ಹೇಳಿದ್ದರಿಂದ, 8 ವಿಧಾನಸಭಾ ಕ್ಷೇತ್ರಗಳ ಮಂಡ್ಯದಲ್ಲಿ 40 ಮತಗಟ್ಟೆಗಳ ಚೀಟಿಗಳನ್ನು ಎಣಿಸಬೇಕಾಯಿತು.

ಯಂತ್ರದ ಮೇಲಿನ ಅನುಮಾನ ಒಂದೇ ಪಕ್ಷದ್ದಲ್ಲ. ಸೋತವರು ಬದಲಾದಂತೆ ಅದನ್ನು ಆಡುವವರೂ ಬದಲಾಗಿದ್ದಾರೆ. ತಾಂತ್ರಿಕವಾಗಿ ಗಂಭೀರವಾದ ಪ್ರಶ್ನೆ ಎತ್ತಿದ್ದು 2010ರಲ್ಲಿ ಸಂಶೋಧಕರಾದ ಹರಿಪ್ರಸಾದ್, ಅಲೆಕ್ಸ್ ಹಾಲ್ಡರ್‌ಮನ್, ರಾಪ್ ಗಾಂಗ್‌ಗ್ರೈಪ್ ತಂಡ: ಯಂತ್ರ ಕೈಗೆ ಸಿಕ್ಕರೆ ಬಿಡಿಭಾಗ ಬದಲಿಸಿ ಫಲಿತಾಂಶ ತಿರುಚಬಹುದೆಂದು ಅವರು ತೋರಿಸಿದರು. ಕೈಗೆ ಸಿಗದಂತೆ ಕಾಯುವುದೇ ತನ್ನ ವ್ಯವಸ್ಥೆ ಎಂಬುದು ಆಯೋಗದ ಉತ್ತರ. ಜರ್ಮನಿಯ ಸಂವಿಧಾನ ನ್ಯಾಯಾಲಯ ಇದನ್ನು ಬೇರೆ ಕಡೆಯಿಂದ ನೋಡಿತ್ತು. ಪರಿಣತಿ ಇಲ್ಲದ ಸಾಮಾನ್ಯನೂ ಎಣಿಕೆಯನ್ನು ತಾನೇ ಪರಿಶೀಲಿಸುವಂತಿರಬೇಕೆಂದು ಹೇಳಿ, ಅಲ್ಲಿ ಬಳಸಿದ್ದ ಯಂತ್ರಗಳನ್ನು 2009ರಲ್ಲಿ ಅಸಾಂವಿಧಾನಿಕವೆಂದಿತು. ಭಾರತ ಯಂತ್ರವನ್ನು ಉಳಿಸಿಕೊಂಡು ಅದರ ಪಕ್ಕದಲ್ಲಿ ಕಾಗದವನ್ನು ತಂದಿಟ್ಟಿತು. 2023ರ ಕರ್ನಾಟಕ ಚುನಾವಣೆಯ ಹೊತ್ತಿಗೆ, ಇಲ್ಲಿನ ಯಂತ್ರಗಳು ದಕ್ಷಿಣ ಆಫ್ರಿಕದಲ್ಲಿ ಬಳಕೆಯಾಗಿ ಬಂದವೆಂಬ ದೂರು ಎದ್ದಿತು. ಆ ದೇಶಕ್ಕೆ ಯಂತ್ರಗಳನ್ನು ಕಳಿಸಿಯೇ ಇಲ್ಲವೆಂದು ಆಯೋಗ ಉತ್ತರಿಸಿತು.

ವಿವಿಪ್ಯಾಟ್ ಚೀಟಿಗಳನ್ನೆಲ್ಲ ಎಣಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2024ರ ಏಪ್ರಿಲ್ 26ರಂದು, ಮಂಡ್ಯ ಮತ ಹಾಕುತ್ತಿದ್ದ ದಿನವೇ. ವಿವಿಪ್ಯಾಟಿಗೆ ಚಿಹ್ನೆ ತುಂಬುವ ಉಪಕರಣವನ್ನು ಫಲಿತಾಂಶದ ನಂತರ 45 ದಿನ ಸೀಲು ಮಾಡಿ ಕಾಪಾಡಬೇಕು, ಎರಡನೇ ಮೂರನೇ ಸ್ಥಾನದವರು ಕೇಳಿದರೆ ಶೇ 5ರಷ್ಟು ಯಂತ್ರಗಳನ್ನು ಪರೀಕ್ಷಿಸಬೇಕು ಎಂದೂ ಅದು ಹೇಳಿತು. ಅದೇ ದಿನ ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತದಲ್ಲಿ ಯಂತ್ರವೇ ಪುಡಿಯಾಯಿತು. ಮೂಲಸೌಕರ್ಯವಿಲ್ಲವೆಂದು ಬಹಿಷ್ಕಾರಕ್ಕೆ ನಿಂತಿದ್ದ ಕಡೆ ಗಲಭೆಯಾಗಿ ಮತಗಟ್ಟೆ ಧ್ವಂಸವಾಯಿತು. 29ರಂದು ಮರುಮತದಾನ ನಡೆಯಿತು.

ಕಾಗದ ಹಳ್ಳಿಯಿಂದ ಪೂರ್ತಿ ಹೋಗಿಲ್ಲ. 2023ರಿಂದ ಕರ್ನಾಟಕದಲ್ಲಿ ತೀರಾ ವಯಸ್ಸಾದವರೂ ಅಂಗವಿಕಲರೂ ಮನೆಯಲ್ಲೇ ಮತ ಹಾಕಬಹುದು. ಅವರ ಬಾಗಿಲಿಗೆ ಬರುವುದು ಮತಪತ್ರ ಮತ್ತು ಪೆಟ್ಟಿಗೆ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆ ಬೀದರ್ ಜಿಲ್ಲೆ ಬಿಟ್ಟು ಉಳಿದ ಕಡೆ ಮತಪತ್ರದಲ್ಲೇ ನಡೆಯಿತು. ಪಂಚಾಯಿತಿಯಲ್ಲಿ ಒಂದೇ ಕ್ಷೇತ್ರಕ್ಕೆ ಹಲವು ಸದಸ್ಯರಿದ್ದರೆ ಮತದಾರರಿಗೆ ಅಷ್ಟೇ ಮತಗಳಿರುತ್ತವೆ. ಒಬ್ಬರಿಗೆ ಒಂದೇ ಮತವೆಂದು ರೂಪಿಸಿದ ಲೋಕಸಭೆಯ ಯಂತ್ರ ಅಲ್ಲಿ ಹಾಗೇ ಹೊಂದುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಸ್ಥಳೀಯ ಸಂಸ್ಥೆಗಳ ಚುನಾವಣೆಗಳನ್ನೆಲ್ಲ ಮತಪತ್ರದಲ್ಲೇ ನಡೆಸುವಂತೆ ಶಿಫಾರಸು ಮಾಡಲು ತೀರ್ಮಾನಿಸಿತು.