ಬೋರ್ಡು ಬದಲಾದರೆ ಸಾಕೇ?

ನಾನು ಕೆಲಸಕ್ಕೆ ಸೇರಿದ ಹೊಸತು. ಏಳನೆಯ ತರಗತಿಯಲ್ಲಿ ಗಲಾಟೆ ಮಾಡುತ್ತಿದ್ದ ಹುಡುಗನೊಬ್ಬನನ್ನು "ನಿನ್ನನ್ನು ಹುಚ್ಚಾಸ್ಪತ್ರೆಗೆ ಸೇರಿಸಬೇಕು ನೋಡು" ಎಂದು ಗದರಿದೆ. ಮಕ್ಕಳೆಲ್ಲ ನಕ್ಕರು. ಕೊನೆಯ ಬೆಂಚಿನ ಹುಡುಗಿ ಮಾತ್ರ ತಲೆ ತಗ್ಗಿಸಿದಳು. ಅವಳ ತಾಯಿ ಬೆಂಗಳೂರಿನಲ್ಲಿ ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದಾಳೆಂದು ಆಮೇಲೆ ತಿಳಿಯಿತು. ಮನೆಯವರು ಊರಿಗೆಲ್ಲ "ತವರಿಗೆ ಹೋಗಿದ್ದಾಳೆ" ಎಂದು ಹೇಳಿದ್ದರು.

ಆ ಪದದ ಹಿಂದಿನ ಚರಿತ್ರೆಯನ್ನು ನಾನು ಓದಿಕೊಂಡದ್ದು ತಡವಾಗಿ. 19ನೆಯ ಶತಮಾನದಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆಯ ಹೆಸರು 'ಲೂನಾಟಿಕ್ ಅಸೈಲಂ'. ಚಂದ್ರನಿಂದ ಬುದ್ಧಿ ಕೆಡುತ್ತದೆಂಬ ಹಳೆಯ ನಂಬಿಕೆಯಿಂದ ಹುಟ್ಟಿದ ಪದ 'ಲೂನಾಟಿಕ್'. 1925ರಲ್ಲಿ ಅದು 'ಮೆಂಟಲ್ ಹಾಸ್ಪಿಟಲ್' ಆಯಿತು. ಆಸ್ಪತ್ರೆಯೆಂದ ಮೇಲೆ ಒಳಗಿದ್ದವರು ರೋಗಿಗಳು; ರೋಗವೆಂದರೆ ವಾಸಿಯಾದೀತೆಂಬ ಆಸೆ. 1974ರಲ್ಲಿ ಅದೇ ನಿಮ್ಹಾನ್ಸ್‌ನ ಭಾಗವಾಯಿತು.

ಕಾನೂನು ಇನ್ನೂ ನಿಧಾನ. 1912ರ ಕಾಯಿದೆಯ 'ಲೂನಾಟಿಕ್' ಪದವನ್ನು ಕೈಬಿಟ್ಟದ್ದು 1987ರ ಕಾಯಿದೆ. ಅದು ಜಾರಿಗೆ ಬಂದದ್ದು 1993ರಲ್ಲಿ. ಅಲ್ಲಿ 'ಮಾನಸಿಕ ರೋಗಿ' ಎಂದಿದ್ದದ್ದು 2017ರ ಕಾಯಿದೆಯಲ್ಲಿ 'ಮಾನಸಿಕ ಅಸ್ವಸ್ಥತೆಯುಳ್ಳ ವ್ಯಕ್ತಿ' ಎಂದಾಯಿತು. ಕಾಯಿಲೆಯೇ ಆಕೆಯಲ್ಲ, ಆಕೆಗೆ ಕಾಯಿಲೆ ಇದೆ ಅಷ್ಟೆ. ಇಷ್ಟನ್ನು ಹೇಳಲು ನೂರು ವರ್ಷ ಹಿಡಿಯಿತು ನೋಡಿ!

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1940ರ ದಶಕದಲ್ಲೇ 'ರೋಗಿ' ಬಿಟ್ಟು 'ಕ್ಲೈಂಟ್' ಎಂದರು. ನೆರವು ಬೇಡುವವರು ಸುಮ್ಮನೆ ಚಿಕಿತ್ಸೆಗೆ ಒಡ್ಡಿಕೊಳ್ಳುವವರಲ್ಲ, ತಮ್ಮ ದಾರಿ ತಾವೇ ಹುಡುಕಬಲ್ಲವರು ಎಂಬುದು ಅವರ ನಂಬಿಕೆ. ಕನ್ನಡಕ್ಕೆ ತಂದರೆ ಅದು 'ಕಕ್ಷಿದಾರ' ಆಗಿ ಕೋರ್ಟಿನ ವಾಸನೆ ಹೊಡೆಯುತ್ತದೆ! ನಮ್ಮ ಆಪ್ತಸಮಾಲೋಚಕರು ಹಾಗಾಗಿ ಇಂಗ್ಲಿಷ್ ಪದವನ್ನೇ ಇಟ್ಟುಕೊಂಡಿದ್ದಾರೆ.

ವೈದ್ಯರು, ಕಾನೂನಿನವರು ಇಷ್ಟೆಲ್ಲ ತಿದ್ದಿಕೊಂಡರೂ ನಮ್ಮ ಬಾಯಲ್ಲಿ ಹಳೆಯ ಪದವೇ ಉಳಿದಿದೆ. ಮಕ್ಕಳನ್ನು ಬೈಯುವಾಗ, ನೆಂಟರನ್ನು ಹಾಸ್ಯ ಮಾಡುವಾಗ ಅದು ತಾನೇ ಹೊರಬರುತ್ತದೆ. ಆ ಪದಕ್ಕೆ ಹೆದರಿಯೇ ಎಷ್ಟೋ ಮನೆಗಳಲ್ಲಿ ಹೆಂಗಸರ ಕಾಯಿಲೆ ಡಾಕ್ಟರರನ್ನು ತಲುಪದೆ ಒಳಗೇ ಬೆಳೆಯುತ್ತದೆ.

ಕೆಲವು ತಿಂಗಳ ನಂತರ ಆ ತಾಯಿ ಗುಣವಾಗಿ ಮಗಳ ಅಂಕಪಟ್ಟಿ ನೋಡಲು ಬಂದರು. ಹೆಸರು ಹಿಡಿದು "ಬನ್ನಿ, ಕುಳಿತುಕೊಳ್ಳಿ" ಎಂದೆ. ಆದರೆ ಮಗಳಲ್ಲಿ ಕ್ಷಮೆ ಕೇಳಲಿಲ್ಲ. ಟೀಚರು ಮಕ್ಕಳ ಕ್ಷಮೆ ಕೇಳುವುದುಂಟೇ ಎಂಬ ಬಿಗುಮಾನ ನನಗೆ. ಈಗ ತರಗತಿಯಲ್ಲಿ ಯಾರಾದರೂ ಆ ಮಾತೆತ್ತಿದರೆ ಪಾಠ ನಿಲ್ಲಿಸಿ, ಒಮ್ಮೆ ನಾನೂ ಹಾಗೆ ಅಂದಿದ್ದೆನೆಂದು ಒಪ್ಪಿಕೊಳ್ಳುತ್ತೇನೆ.