ಹಳೆಯ ಲೇತಿನ ಪೂರ್ವೋತ್ತರ

ಕಡೆಯುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಬೇಲೂರು ಹಳೇಬೀಡುಗಳ ಗುಡಿಗಳಲ್ಲಿ ಬಳಪದ ಕಲ್ಲಿನ ಕಂಬಗಳನ್ನು ತಿರುಗಣೆಗೆ ಹಚ್ಚಿ ಬಳೆ ಬಳೆಯಾಗಿ ಕಡೆದಿರುವ ಅಂದವನ್ನು ನೋಡದವರು ವಿರಳ. ಕಾಳಿದಾಸನು ರಘುವಂಶದ ಆರನೆಯ ಸರ್ಗದಲ್ಲಿ ಅವಂತಿನಾಥನನ್ನು ವರ್ಣಿಸುವಾಗ, ತ್ವಷ್ಟೃವು ಯಂತ್ರಕ್ಕೇರಿಸಿ ಹೆರೆದ ಸೂರ್ಯನನ್ನು ಉಪಮಾನವಾಗಿ ತಂದಿರುವನು. ವಸ್ತುವು ತಿರುಗಬೇಕು, ಉಳಿಯು ಸ್ಥಿರವಾಗಿ ನಿಲ್ಲಬೇಕು ಎಂಬ ತತ್ತ್ವವು ಅಂದಿಗೂ ಇಂದಿಗೂ ಒಂದೇ. ಆ ಉಳಿಯನ್ನು ಮನುಷ್ಯನ ಕೈಯಿಂದ ಬಿಡಿಸಿ, ಜಾರುವ ಪೀಠದ ಮೇಲೆ ಕೂರಿಸಿ, ಅದರ ನಡೆಯನ್ನು ಉದ್ದನೆಯ ತಿರುಪಿನ ಕಂಬಿಗೂ ಹಲ್ಲುಚಕ್ರಗಳಿಗೂ ಅಧೀನಮಾಡಿದುದೇ ಲೋಹದ ಲೇತಿನ ವಿಶೇಷ. 1800ರ ಸುಮಾರಿಗೆ ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲೇ ಇದನ್ನು ಸುವ್ಯವಸ್ಥಿತ ರೂಪಕ್ಕೆ ತಂದನು. ಅನಂತರವೇ ಒಂದು ತಿರುಪಿನಂತೆ ಮತ್ತೊಂದು ತಿರುಪನ್ನು ನಿಷ್ಕೃಷ್ಟವಾಗಿ ಮಾಡುವುದು ಸುಲಭವಾಯಿತು.

ಮೈಸೂರು ಸಂಸ್ಥಾನದಲ್ಲಿ ಈ ಯಂತ್ರದ ನಿರ್ಮಾಣಕ್ಕೆ ನೆಲೆಯಾದುದು ತುಂಗಭದ್ರೆಯ ದಡದ ಹರಿಹರ. ಅಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆ ಸ್ಥಾಪಿತವಾಯಿತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದೊಡನೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಉದಯಿಸಿತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕೈಗಾರಿಕೆಯ ಉಪನಗರವಾಗಿ ಯೋಜಿತವಾಗಿ, ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರ ಹೆಸರನ್ನು ಹೊತ್ತ ರಾಜಾಜಿನಗರವು ಈ ಯಂತ್ರಗಳಿಗೆ ಮನೆಯಾಯಿತು. ಅಲ್ಲಿಂದ ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ಕೆಂಗೇರಿಯಾಚೆಯ ಕುಂಬಳಗೋಡುಗಳವರೆಗೆ ಒಂದೆರಡು ಲೇತುಗಳ ಸಣ್ಣ ಕಾರ್ಖಾನೆಗಳು ಹಬ್ಬಿದುವು.

ಗಣಕಯಂತ್ರದ ಆಜ್ಞೆಯಂತೆ ನಡೆಯುವ ಲೇತುಗಳು ಬಂದಮೇಲೆ ಈ ಹಳೆಯವು ದೊಡ್ಡ ಕಾರ್ಖಾನೆಗಳಿಂದ ಹೊರಬಿದ್ದು ಕೈಯಿಂದ ಕೈಗೆ ಸಾಗುತ್ತಿವೆ. ಇವುಗಳನ್ನು ಕೊಳ್ಳುವವರಲ್ಲಿ ಅನೇಕರು ಹೊಸಬರು. ಪರರ ಕಾರ್ಖಾನೆಯಲ್ಲಿ ದುಡಿದು ಕೂಡಿಸಿದ ಹಣವನ್ನು, ಕೆಲವೊಮ್ಮೆ ಮನೆಯವರ ಒಡವೆಯನ್ನು ಅಡವಿಟ್ಟು ತಂದ ಹಣವನ್ನು, ಒಂದೇ ಯಂತ್ರದ ಮೇಲೆ ಹೂಡತಕ್ಕವರು. ಮೈಸೂರು ಕಿರ್ಲೋಸ್ಕರ್ ಸಂಸ್ಥೆಯಾದರೋ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ಆದುದರಿಂದ ಯಂತ್ರದ ಹಣೆಯ ಮೇಲಿನ ಹೆಸರು ಅದರ ವಂಶವನ್ನು ಹೇಳೀತೇ ಹೊರತು ಆರೋಗ್ಯವನ್ನು ಹೇಳಲಾರದು. ಪೂರ್ವೋತ್ತರವನ್ನು ಯಂತ್ರದ ಮೈಯಿಂದಲೇ ಓದಿಕೊಳ್ಳಬೇಕು.

ಓದತಕ್ಕ ಮೊದಲ ಪುಟವು ಬೆಡ್ಡು, ಎಂದರೆ ಉಳಿಪೀಠವು ಜಾರುವ ಉದ್ದನೆಯ ಹಾಸು. ಲೇತಿನ ಹೆಚ್ಚಿನ ಕೆಲಸವು ಚಕ್ಕಿನ ಸಮೀಪದಲ್ಲಿಯೇ ನಡೆಯುವುದರಿಂದ ಸವೆತವೂ ಅಲ್ಲಿಯೇ ಅಧಿಕ. ಟೇಲ್‌ಸ್ಟಾಕಿನ ಕೊನೆಯು ಬಹುಕಾಲ ಹೊಸದರಂತೆ ಉಳಿದಿರುತ್ತದೆ. ಉಳಿಪೀಠದ ಬಿಗಿತಿರುಪನ್ನು ಚಕ್ಕಿನ ಬಳಿ ತುಸುವೇ ಬಿಗಿದು, ಪೀಠವನ್ನು ಟೇಲ್‌ಸ್ಟಾಕಿನತ್ತ ನಡೆಸಬೇಕು. ಕೊನೆಯವರೆಗೂ ಒಂದೇ ಸಮನೆ ನಡೆದರೆ ಹಾಸು ಸಮವಾಗಿದೆಯೆಂದು ಊಹಿಸಬಹುದು. ನಡುವೆ ಹಿಡಿದು ನಿಂತರೆ ಸವೆತವು ತಾನಾಗಿಯೇ ಸಾಕ್ಷಿ ನುಡಿಯಿತು. ಹೊಸ ಬಣ್ಣವು ಈ ಸಾಕ್ಷ್ಯವನ್ನು ಅಳಿಸಲಾರದು. ಆದರೆ ಎರಕದ ಬಿರುಕನ್ನು ಮರೆಮಾಡಬಲ್ಲದು. ಹೊಳೆಯುವ ಬಣ್ಣಕ್ಕೆ ಮರುಳಾಗದೆ ಹಲ್ಲುಚಕ್ರಗಳ ಮುಚ್ಚಳವನ್ನು ತೆಗೆಸಿ ಮುರಿದ ಹಲ್ಲುಗಳಿವೆಯೇ ಎಂದು ನೋಡತಕ್ಕದ್ದು.

ಎರಡನೆಯದು ಸ್ಪಿಂಡಲ್. ಚಕ್ಕು ಸವೆದು ಓಲಾಡುತ್ತಿದ್ದರೆ ಅದು ಸ್ಪಿಂಡಲಿನ ದೋಷವಲ್ಲ. ಚಕ್ಕನ್ನು ಬಿಚ್ಚಿ, ಸ್ಪಿಂಡಲಿನ ಮೂಗಿಗೇ ಡಯಲ್ ಗೇಜನ್ನು ತಾಗಿಸಿ, ಕೈಯಿಂದ ತಿರುಗಿಸಿ ಪರೀಕ್ಷಿಸಬೇಕು. ಮುಳ್ಳು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿಗಿಂತ ಬಹಳ ಹೆಚ್ಚು ಅಲುಗಿದರೆ ಬೇರಿಂಗನ್ನು ಶಂಕಿಸಬೇಕು. ಬಳಿಕ ಎಲ್ಲ ವೇಗಗಳಲ್ಲಿಯೂ ಅರ್ಧ ಗಂಟೆ ಓಡಿಸಿ, ಸದ್ದನ್ನು ಕೇಳಿ, ಬೇರಿಂಗಿನ ಮನೆಯ ಮೇಲೆ ಅಂಗೈಯಿಟ್ಟು ಬಿಸಿಯನ್ನು ಅರಿಯುವುದು ಯುಕ್ತ.

ಮೂರನೆಯದು ಅಳತೆ. ಭಾರತದಲ್ಲಿ ಮೆಟ್ರಿಕ್ ಪದ್ಧತಿಯ ಶಾಸನವು 1956ರಲ್ಲಿ ಬಂದಿತು. 1958ರಿಂದ ಅದು ಹಂತಹಂತವಾಗಿ ಆಚರಣೆಗೆ ಬಂದಿತು. ಅದಕ್ಕೆ ಹಿಂದಿನ ಲೇತುಗಳಲ್ಲಿ ತಿರುಪಿನ ಕಂಬಿಯು ಸಾಮಾನ್ಯವಾಗಿ ಅಂಗುಲದ ಲೆಕ್ಕದ್ದು. ಅಂತಹದರಲ್ಲಿ ಮಿಲಿಮೀಟರಿನ ಮರೆಗಳನ್ನು ನಿಷ್ಕೃಷ್ಟವಾಗಿ ಕೊರೆಯಬೇಕಾದರೆ 127 ಹಲ್ಲಿನ ಚಕ್ರವೊಂದು ಬೇಕು. ಏಕೆಂದರೆ ಅಂಗುಲಕ್ಕೆ 25.4 ಮಿಲಿಮೀಟರು, ಅದರ ಐದರಷ್ಟು 127, ಆ ಸಂಖ್ಯೆಯಾದರೋ ಅವಿಭಾಜ್ಯ. ಈ ಚಕ್ರವೂ, ನಾಲ್ಕು ದವಡೆಯ ಚಕ್ಕೂ, ಉದ್ದನೆಯ ಕಂಬಿಗೆ ಆಸರೆಯಾಗುವ ಸ್ಟೆಡಿಯೂ ಯಂತ್ರದೊಡನೆ ಬರುವುವೇ ಎಂದು ಬೆಲೆ ನುಡಿಯುವ ಮುನ್ನವೇ ಕೇಳಿಕೊಳ್ಳಬೇಕು. ಅನಂತರ ಬಿಡಿಬಿಡಿಯಾಗಿ ಕೂಡಿಸುವುದು ದುಬಾರಿ.

ಕೊನೆಯ ಪರೀಕ್ಷೆ ಕೆಲಸವೇ. ಒಂದಂಗುಲ ದಪ್ಪದ ಕಂಬಿಯನ್ನು ಚಕ್ಕಿಗೆ ಹಿಡಿಸಿ, ಆರಂಗುಲದಷ್ಟು ಹೊರಚಾಚಿ, ತೆಳುವಾಗಿ ಕಡೆದು, ಎರಡು ತುದಿಗಳನ್ನೂ ಮೈಕ್ರೋಮೀಟರಿನಿಂದ ಅಳೆಯಬೇಕು. ವ್ಯತ್ಯಾಸ ಕಂಡರೂ ತಟ್ಟನೆ ತೀರ್ಪು ಕೊಡಬಾರದು. ಉಗ್ರಾಣದ ಓರೆನೆಲದ ಮೇಲೆ ನಿಂತ ಯಂತ್ರದ ಹಾಸು ತುಸು ತಿರುಚಿಕೊಂಡಿದ್ದರೂ ಹೀಗಾಗುವುದುಂಟು. ಮಟ್ಟಗೋಲಿಟ್ಟು ಕಾಲುಗಳನ್ನು ಸರಿಪಡಿಸಿ ಪುನಃ ಕಡೆದು ನೋಡುವುದು ನ್ಯಾಯ.

ಆಯುರ್ವೇದದಲ್ಲಿ ವ್ಯಾಧಿಗಳನ್ನು ಸಾಧ್ಯ, ಕೃಚ್ಛ್ರಸಾಧ್ಯ, ಅಸಾಧ್ಯವೆಂದು ವಿಂಗಡಿಸುವಂತೆ ಇಲ್ಲಿಯೂ ವಿಂಗಡಿಸಿಕೊಳ್ಳಬೇಕು. ಹಿಡಿಚಕ್ರವನ್ನು ಹಿಂದು ಮುಂದು ತಿರುಗಿಸುವಾಗಿನ ಸಡಿಲ, ಹರಿದ ಬೆಲ್ಟು, ಸವೆದ ಚಕ್ಕು ಇವು ಸಾಧ್ಯ. ಬೇರಿಂಗು, ಮುರಿದ ಹಲ್ಲುಚಕ್ರ, ಮನೆಯ ವಿದ್ಯುತ್ತಿಗೆ ಹೊಂದದ ಮೂರು ಫೇಸಿನ ಮೋಟಾರು ಇವು ಕೃಚ್ಛ್ರಸಾಧ್ಯ. ಬಹಳ ಸವೆದ ಹಾಸು, ಬಿರಿದ ಎರಕ ಇವು ಬಡ ಕೊಳ್ಳುವವನ ಪಾಲಿಗೆ ಅಸಾಧ್ಯ. ಹಾಸನ್ನು ಮರಳಿ ಸಾಣೆಹಿಡಿಸುವ ವೆಚ್ಚವು ಕೆಲವು ಸಲ ಯಂತ್ರದ ಬೆಲೆಯನ್ನೇ ಮೀರುವುದು. ಮೊದಲನೆಯವುಗಳನ್ನು ಕಂಡು ಹೆದರಿ ಒಳ್ಳೆಯ ಯಂತ್ರವನ್ನು ಬಿಡುವುದೂ, ಕೊನೆಯವುಗಳನ್ನು ಕಾಣದೆ ಅಗ್ಗವೆಂದು ಕೊಳ್ಳುವುದೂ ಸಮಾನ ನಷ್ಟಗಳೇ. ಹಾಸೂ ಎರಕವೂ ನೆಟ್ಟಗಿರುವ ಲೇತು ಅರ್ಧ ಶತಮಾನ ದುಡಿದಿದ್ದರೂ ಇನ್ನೊಂದು ತಲೆಮಾರಿಗೆ ಅನ್ನವನ್ನಿಕ್ಕಬಲ್ಲದು.